ತಿಳಿ ಬೇಕಾದರೆ ಸೌಟು ಮುಳುಗಿಸಬೇಡಿ

ಪ್ರಶ್ನೆ: ಚೆನ್ನೈನ ನೀಲಾಂಕರೈಯಲ್ಲಿ ನಮ್ಮ ಮನೆ. ಹಿತ್ತಿಲಲ್ಲಿ ಸಣ್ಣದೊಂದು ಈಜುಕೊಳ ಇದೆ. ಉದ್ದ 8 ಮೀಟರ್, ಅಗಲ 4 ಮೀಟರ್. ದಿನಾ ಬೆಳಿಗ್ಗೆ ಬಲೆ ಹಾಕಿ ಎಲೆ ತೆಗೆಯುತ್ತೇವೆ. ಆದರೂ ತಳದಲ್ಲಿ ಕಂದು ಬಣ್ಣದ ನುಣ್ಣನೆ ಪುಡಿ ಕೂತಿರುತ್ತದೆ. ಬ್ರಷ್ ಹಾಕಿದರೆ ಹೊಗೆಯ ಹಾಗೆ ಏಳುತ್ತದೆ, ಮರುದಿನ ನೋಡಿದರೆ ಮತ್ತೆ ಅಲ್ಲೇ. ನೀರೆಲ್ಲ ಖಾಲಿ ಮಾಡಿ ತೊಳೆದುಬಿಡೋಣ ಅನ್ನುತ್ತಾನೆ ಮಗ. "ಕಪಾಲೀಶ್ವರನ ಕಲ್ಯಾಣಿಯನ್ನು ದಿನಾ ಯಾರು ಉಜ್ಜುತ್ತಾರೆ, ಸುಮ್ಮನೆ ಬಿಡಿ" ಅನ್ನುತ್ತಾರೆ ನಮ್ಮ ಮಾವ. ಕೊಳದ ಪಕ್ಕದ ಬೇವಿನ ಮರ ಕಡಿಸಿ ಎಂದು ನೆರೆಮನೆಯವರ ಸಲಹೆ. ಯಾರ ಮಾತು ಕೇಳಲಿ?
(ಓದುಗರೊಬ್ಬರು, ನೀಲಾಂಕರೈ)

ಉತ್ತರ: ಮೂವರ ಮಾತನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ಮಗನನ್ನು ತಡೆಯಿರಿ.

ನಿಮ್ಮ ಕೊಳದ ಸರಾಸರಿ ಆಳ 1.4 ಮೀಟರ್ ಎಂದು ಹಿಡಿದರೆ ಅದರಲ್ಲಿ ಸುಮಾರು 45,000 ಲೀಟರ್ ನೀರಿದೆ. ಮತ್ತೆ ತುಂಬಿಸಲು 12,000 ಲೀಟರಿನ ಟ್ಯಾಂಕರ್ ಲಾರಿ ನಾಲ್ಕು ಸಲ ಬಂದು ಹೋಗಬೇಕು. 2019ರ ಬೇಸಿಗೆ ನಿಮಗೆ ನೆನಪಿರಬೇಕು. ಪೂಂಡಿ, ಚೋಳಾವರಂ, ಪುಳಲ್, ಚೆಂಬರಂಬಾಕ್ಕಂ ನಾಲ್ಕೂ ಕೆರೆಗಳು ಬತ್ತಿ, ಆ ಜುಲೈಯಲ್ಲಿ ಜೋಲಾರ್‌ಪೇಟೆಯಿಂದ ವಿಲ್ಲಿವಾಕ್ಕಂಗೆ ರೈಲಿನಲ್ಲಿ ನೀರು ಬಂತು. 50 ವ್ಯಾಗನ್, ಒಂದೊಂದರಲ್ಲಿ 50,000 ಲೀಟರ್. ನಿಮ್ಮ ಹಿತ್ತಿಲಲ್ಲಿ ತುಂಬಿ ನಿಂತಿರುವುದು ಹೆಚ್ಚುಕಡಿಮೆ ಅಂಥ ಒಂದು ವ್ಯಾಗನ್. ರೈಲು ತಂದದ್ದು ಕಾವೇರಿ ನೀರಾಗಿತ್ತು ಎನ್ನುವುದನ್ನು ನಾವು ಕನ್ನಡದವರು ಇನ್ನೊಂದು ನಿಟ್ಟುಸಿರಿನ ಜೊತೆ ನೆನೆಯಬಹುದು.

ನೀರಿನ ಖರ್ಚು ಒಂದು ಕಡೆಗಿರಲಿ, ಕೊಳ ಖಾಲಿ ಮಾಡುವುದರಲ್ಲಿ ಅಪಾಯವೂ ಇದೆ. ಈಸ್ಟ್ ಕೋಸ್ಟ್ ರಸ್ತೆಯ ಆಸುಪಾಸಿನದು ಮರಳು ನೆಲ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಿಂಗಾರು ಸುರಿದಾಗ ಅಂತರ್ಜಲ ಮೇಲಕ್ಕೆ, ಕಾಲಡಿಗೇ ಬಂದು ನಿಲ್ಲುತ್ತದೆ. ಒಳಗೆ ನೀರು ತುಂಬಿರುವ ತನಕ ಕೊಳ ತನ್ನ ಭಾರಕ್ಕೇ ಕೂತಿರುತ್ತದೆ. ಖಾಲಿಯಾಯಿತೋ, ನೆಲದಲ್ಲಿ ಹೂತಿಟ್ಟ ದೋಣಿಯಂತೆ. ಕೆಳಗಿನ ನೀರು ಅದನ್ನು ಮೇಲಕ್ಕೊತ್ತುತ್ತದೆ. ತಳ ಬಿರುಕು ಬಿಡಬಹುದು, ಫೈಬರ್ ತೊಟ್ಟಿಯಾದರೆ ಇಡಿಯಾಗಿ ಎದ್ದೇಬಿಡಬಹುದು. ಬೇಸಿಗೆಯಲ್ಲಿ ಅಷ್ಟು ಭಯವಿಲ್ಲ, ಆದರೆ ಖಾಲಿ ಕೊಳದ ಟೈಲ್ಸು ತಮಿಳರು ಕತ್ತರಿ ಎನ್ನುವ ಸುಡುಬಿಸಿಲಿಗೆ ಒಣಗಿ ಕಿತ್ತುಬರುವುದುಂಟು. ಒಂದು ಹಿಡಿ ಪುಡಿಗೋಸ್ಕರ ಇದೆಲ್ಲ ಬೇಕೆ?

ನಿಮ್ಮ ಮಾವನವರು ಕೇಳಿದ್ದು ಒಳ್ಳೆಯ ಪ್ರಶ್ನೆ. ಮೈಲಾಪುರದ ಆ ಕಲ್ಯಾಣಿಯನ್ನು ಯಾರೂ ದಿನಾ ಉಜ್ಜುವುದಿಲ್ಲ, ನಿಜ. ಅಲ್ಲಿ ಆ ಕೆಲಸಕ್ಕೆ ಮೀನಿವೆ, ಬಸವನಹುಳು ಇವೆ, ತಳದ ಕೆಸರಿನಲ್ಲಿ ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳಿವೆ. ಬಿದ್ದ ಹೂವು, ಎಸೆದ ಪುರಿ ಎಲ್ಲವೂ ಯಾರದೋ ಹೊಟ್ಟೆ ಸೇರುತ್ತದೆ. ಅಷ್ಟಾದರೂ ಹಸಿರು ಬಣ್ಣ ತಪ್ಪುವುದಿಲ್ಲ, ಆಗೊಮ್ಮೆ ಈಗೊಮ್ಮೆ ಹೂಳು ಎತ್ತಲೇಬೇಕು. ಈಜುಕೊಳದಲ್ಲಿ ನಾವು ಕ್ಲೋರಿನ್ ಹಾಕಿ ಇವರನ್ನೆಲ್ಲ ಓಡಿಸಿದ್ದೇವೆ. ಹಾಗಾಗಿ ಅವರ ಚಾಕರಿ ಪಂಪು, ಬಲೆ ಮತ್ತು ನಿಮ್ಮ ತೋಳಿನ ಪಾಲಿಗೆ ಬಂದಿದೆ. (ತಮಿಳು ಬೋರ್ಡುಗಳಲ್ಲಿ ಈಜುಕೊಳಕ್ಕೆ ಬರೆದಿರುವ 'ನೀಚ್ಚಲ್ ಕುಳಂ' ಓದಿ ಬೆಚ್ಚಿಬೀಳದ ಹೊಸ ಕನ್ನಡಿಗನಿಲ್ಲ. ಅದು ಬೈಗುಳವಲ್ಲ. ನಮ್ಮ ಈಜು ಮತ್ತು ಅವರ ನೀಚ್ಚಲ್ ಒಂದೇ ಬೇರಿನ ಮಾತುಗಳು.)

ಈಗ ಆ ಪುಡಿಯ ವಿಚಾರ. ಅದೇನೆಂದು ಗೊತ್ತಾಗದೆ ಮದ್ದು ಹಾಕುವುದು ಜ್ವರ ನೋಡದೆ ಗುಳಿಗೆ ಕೊಟ್ಟ ಹಾಗೆ. ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿ ತಗೊಂಡು, ಮುಚ್ಚಳ ತೆಗೆದು, ಹಿಚುಕಿ ಹಿಡಿದುಕೊಂಡು ಮುಳುಗಲು ಮಗನಿಗೆ ಹೇಳಿ. ಪುಡಿಯ ಹತ್ತಿರ ಬಾಟಲಿಯ ಬಾಯಿಟ್ಟು ಹಿಡಿತ ಸಡಿಲಿಸಿದರೆ ಅದು ತಾನಾಗಿ ಒಳಗೆ ಹೀರಿಕೊಳ್ಳುತ್ತದೆ. ಮೇಲೆ ಬಂದು ಬಿಳಿ ಪಿಂಗಾಣಿ ತಟ್ಟೆಗೆ ಸುರಿದು ಹತ್ತು ನಿಮಿಷ ಬಿಡಿ. ಮೇಲಿನ ತಿಳಿ ಬಗ್ಗಿಸಿ, ಉಳಿದ ಗಸಿಯನ್ನು ಬೆರಳಿನಲ್ಲಿ ಉಜ್ಜಿ ನೋಡಿ.

ಕರಕರ ಎಂದರೆ ಮರಳು. ಸಮುದ್ರ ಅಷ್ಟು ಹತ್ತಿರ ಇರುವಾಗ ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಮರಳು ಎಲ್ಲಿ ಬಿದ್ದಿದೆ ನೋಡಿ. ಕೊಳದ ತುಂಬ ತೆಳ್ಳಗೆ ಹರಡಿದ್ದರೆ, ಇಲ್ಲವೇ ಮೆಟ್ಟಿಲ ಬಳಿ ಹೆಚ್ಚಿದ್ದರೆ ಅದು ಗಾಳಿ ತಂದದ್ದು, ಮಕ್ಕಳ ಕಾಲು ತಂದದ್ದು. ನೀರು ವಾಪಸ್ ಬರುವ ನಳಿಗೆಯ ಕೆಳಗೇ ಸಣ್ಣ ಗುಡ್ಡೆ ಕಟ್ಟಿದ್ದರೆ ಅದು ಬೀಚಿನದಲ್ಲ, ನಿಮ್ಮ ಫಿಲ್ಟರಿನದೇ ಮರಳು. ಒಳಗಿನ ಸೀಳುಗಳಿರುವ ಪೈಪು ಒಡೆದಿದೆ ಎಂದರ್ಥ. ಆ ಮರಳನ್ನು ಎಷ್ಟು ಬಳಿದರೂ ಮುಗಿಯುವುದಿಲ್ಲ, ರಿಪೇರಿಯವರನ್ನೇ ಕರೆಯಬೇಕು.

ಲೋಳೆಲೋಳೆಯಾಗಿ, ಮೂಸಿದರೆ ಕೆರೆಯ ವಾಸನೆ ಬಂದರೆ ಪಾಚಿ. ಹಿಟ್ಟಿನ ಹಾಗೆ ನುಣ್ಣಗೆ ಬೆಳ್ಳಗಿದ್ದರೆ ಅದರ ಮೇಲೆ ಎರಡು ಹನಿ ನಿಂಬೆರಸ ಹಿಂಡಿ. ಸಣ್ಣಗೆ ನೊರೆಯೆದ್ದರೆ ಸುಣ್ಣ. ಕ್ಲೋರಿನ್ನಿಗೆಂದು ನೀವು ಬ್ಲೀಚಿಂಗ್ ಪೌಡರ್ ಸುರಿಯುತ್ತಿದ್ದರೆ ಈ ಸುಣ್ಣ ಬಂದದ್ದು ಅಲ್ಲಿಂದಲೇ. ಆ ಪುಡಿಯಲ್ಲಿ ಕೆಲಸಕ್ಕೆ ಬರುವ ಕ್ಲೋರಿನ್ ಮೂರನೇ ಒಂದು ಭಾಗದಷ್ಟು, ಉಳಿದದ್ದರಲ್ಲಿ ಬಹಳಷ್ಟು ಕರಗದ ಸುಣ್ಣ. ಕೊಳ ಶುದ್ಧವಾಗಲಿ ಎಂದು ನಾವೇ ಕಸ ಹಾಕುತ್ತಿರುತ್ತೇವೆ! ಬಕೆಟ್ಟಿನಲ್ಲಿ ಕಲಸಿಟ್ಟು, ಗಸಿ ಕೆಳಗೆ ಕೂತ ಮೇಲೆ ತಿಳಿ ಮಾತ್ರ ಹಾಕಿದರೆ ಈ ಕಾಟ ತಪ್ಪುತ್ತದೆ.

ಹೊಗೆಯ ಹಾಗೆ ಏಳುತ್ತದೆ ಎಂದು ಬರೆದಿದ್ದೀರಿ. ಹಾಗಾದರೆ ಅದು ಮರಳಲ್ಲ, ಮರಳು ಎದ್ದಷ್ಟೇ ಬೇಗ ಬೀಳುತ್ತದೆ. ನನ್ನ ಅಂದಾಜಿಗೆ ಸತ್ತ ಪಾಚಿ, ರಸ್ತೆಯ ದೂಳು, ಬೇವಿನ ಹೂವಿನ ಪುಡಿ ಎಲ್ಲ ಕೂಡಿದ ಬೆರಕೆ. ಅಷ್ಟು ನುಣ್ಣನೆಯದನ್ನು ನಿಮ್ಮ ಮರಳಿನ ಫಿಲ್ಟರ್ ಹಿಡಿಯಲಾರದು. ಅದರೊಳಗಿನ ಮರಳಿನ ಕಾಳು ಅರ್ಧ ಮಿಲಿಮೀಟರಿನಷ್ಟು. ಸಂದುಗಳಲ್ಲಿ ಸಿಕ್ಕಿಬೀಳುವುದು 20ರಿಂದ 40 ಮೈಕ್ರಾನ್ ಇಲ್ಲವೇ ಅದಕ್ಕಿಂತ ದಪ್ಪದ ಕಣ ಮಾತ್ರ. ನಮ್ಮ ತಲೆಗೂದಲು 70 ಮೈಕ್ರಾನಿನ ಆಜುಬಾಜು ಇರುತ್ತದೆ, ಅದರಿಂದ ಲೆಕ್ಕ ಹಾಕಿಕೊಳ್ಳಿ. ಅದಕ್ಕಿಂತ ಸಣ್ಣದು ಒಂದು ಕಡೆ ಹೋಗಿ ಇನ್ನೊಂದು ಕಡೆ ಕೊಳಕ್ಕೇ ವಾಪಸ್. ನೀವು ಉಜ್ಜುತ್ತೀರಿ, ಅದು ಒಂದು ಸುತ್ತು ತಿರುಗಾಡಿ ಬಂದು ಕೂರುತ್ತದೆ.

ಈ ಕೆಲಸದಲ್ಲಿ ನಾನು ಕಲಿತದ್ದು ಇಷ್ಟೇ: ತೇಲುವುದನ್ನು ಬೇಗ ತೆಗೆಯಬೇಕು, ಮುಳುಗಿದ್ದನ್ನು ನಿಧಾನ ತೆಗೆಯಬೇಕು. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ನಾನೂ ಮಾಡಿದ್ದೆ. ಕಾನತ್ತೂರಿನಲ್ಲಿ ನೆಂಟರ ಮನೆಗೆ ಹೋದಾಗ, ಮಕ್ಕಳು ಟವೆಲ್ ಹೆಗಲಿಗೆ ಹಾಕಿಕೊಂಡು ಕಾಯುತ್ತಿದ್ದಾರಲ್ಲ ಎಂದು ಬ್ರಷ್ ಹಿಡಿದು ತಳವನ್ನೆಲ್ಲ ಗಸಗಸ ಉಜ್ಜಿದೆ. ಹತ್ತು ನಿಮಿಷದಲ್ಲಿ ಕೊಳ ರಾಗಿ ಅಂಬಲಿಯಾಯಿತು. ಆ ದಿನ ಯಾರೂ ನೀರಿಗಿಳಿಯಲಿಲ್ಲ, ಸಂಜೆಯವರೆಗೂ ಯಾರೂ ನನ್ನ ಜೊತೆ ಮಾತಾಡಲೂ ಇಲ್ಲ.

ತೇಲುವುದರಿಂದ ಶುರು ಮಾಡೋಣ. ನಿಮ್ಮ ಊರಿನ ಗಾಳಿಗೆ ವೇಳಾಪಟ್ಟಿ ಇದೆ. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಆಗ್ನೇಯದಿಂದ ಕಡಲ ಗಾಳಿ ಏಳುತ್ತದೆ, ತೇಲುವ ಕಸವೆಲ್ಲ ವಾಯವ್ಯದ ಮೂಲೆಗೆ ಹೋಗಿ ಸೇರುತ್ತದೆ. ಹಿಂಗಾರಿನಲ್ಲಿ ಈಶಾನ್ಯದ ಗಾಳಿ, ಕಸ ನೈಋತ್ಯಕ್ಕೆ. ನೀರಿನ ಮಟ್ಟದಲ್ಲಿ ಕಿಟಕಿಯ ಹಾಗೆ ಬಾಯಿ ತೆರೆದುಕೊಂಡಿರುವ ಸ್ಕಿಮ್ಮರ್ ನಿಮ್ಮ ಕೊಳದ ಯಾವ ಗೋಡೆಯಲ್ಲಿದೆ? ಪಡುವಣ ಗೋಡೆಯಲ್ಲಿದ್ದರೆ ಮಧ್ಯಾಹ್ನ ಗಾಳಿ ಬೀಸುವಾಗಲೇ ಪಂಪು ಹಾಕಿ. ಗಾಳಿ ತಳ್ಳುತ್ತದೆ, ಪಂಪು ಎಳೆಯುತ್ತದೆ, ನಿಮಗೆ ಅರ್ಧ ಕೆಲಸ ಕಡಿಮೆ. ನೀರು ಸ್ಕಿಮ್ಮರಿನ ಬಾಯಿಯ ನಡುಮಟ್ಟಕ್ಕೆ ಇರಬೇಕು. ಮೇಲೆ ಬಂದರೆ ಎಲೆ ಒಳಗೆ ಹೋಗದು, ಕೆಳಗಿಳಿದರೆ ಪಂಪು ಗಾಳಿ ಕುಡಿಯುತ್ತದೆ. ಅದರ ಬುಟ್ಟಿಯನ್ನು ಎಲೆ ಉದುರುವ ದಿನಗಳಲ್ಲಿ ದಿನಾ ಬರಿದು ಮಾಡಬೇಕು. ಪಂಪಿನ ಮುಂದಿರುವ ಇನ್ನೊಂದು ಸಣ್ಣ ಬುಟ್ಟಿಯನ್ನು ಎಲ್ಲರೂ ಮರೆಯುತ್ತಾರೆ. ಕೂದಲು, ಹತ್ತಿ, ಕಿವಿಯೋಲೆಯ ತಿರುಪು ಎಲ್ಲ ಸಿಗುವುದು ಅಲ್ಲೇ.

ಬಲೆ ಹಾಕುವುದು ಬೆಳಿಗ್ಗೆ, ಗಾಳಿ ಏಳುವ ಮೊದಲು. ತಡಮಾಡಿದ ಎಲೆ ನೀರು ಕುಡಿದು ಮುಳುಗುತ್ತದೆ. ಮುಳುಗಿದ ಎಲೆ ಬರೀ ಕಸವಾಗಿ ಉಳಿಯದೆ ಬಣ್ಣ ಬಿಡತೊಡಗುತ್ತದೆ. ಮನೆಯ ಹತ್ತಿರ ಬಾದಾಮಿ ಮರ ಇದ್ದರಂತೂ ಕೇಳಲೇಬೇಡಿ. ಅದರ ಕೆಂಪು ಎಲೆ ತುಂಬಾ ಒಗರು. ಹಿಂದೆ ನಮ್ಮ ಶಾನುಭೋಗರು ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಬೆರೆಸಿ ಮಸಿ ಮಾಡುತ್ತಿದ್ದುದನ್ನು ಕೇಳಿರಬೇಕು. ಒಗರಿಗೆ ಕಬ್ಬಿಣ ಸೇರಿದರೆ ಕಪ್ಪು. ಸಸ್ಯಶಾಸ್ತ್ರದವರ ಲೆಕ್ಕದಲ್ಲಿ ಈ ಬಾದಾಮಿ ಮರವೂ ಅಳಲೆ ಮರವೂ ಒಂದೇ ಬಳಗ. ನಿಮ್ಮ ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ, ತಳದಲ್ಲಿ ಎರಡು ದಿನ ಬಿದ್ದ ಎಲೆ ತನ್ನ ಆಕಾರವನ್ನೇ ಅಚ್ಚೊತ್ತಿ ಹೋಗುತ್ತದೆ, ನರಗಳ ಸಮೇತ. ಅಂಥ ಕಲೆಯ ಮೇಲೆ ವಿಟಮಿನ್ ಸಿ ಮಾತ್ರೆಯೊಂದನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ತಿಳಿಯಾದರೆ ಕಬ್ಬಿಣದ ಕಲೆ. ಮಾತ್ರೆಗೆ ಜಗ್ಗದೆ ಕ್ಲೋರಿನ್ನಿಗೆ ಮಾಯವಾದರೆ ಎಲೆಯ ಒಗರು. ಹೊಸ ಬೋರ್ ನೀರು ತುಂಬಿಸಿ ಕ್ಲೋರಿನ್ ಹಾಕಿದ ಕೂಡಲೇ ಕೊಳವೆಲ್ಲ ಚಹಾದ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ, ಅದೂ ಈ ಕಬ್ಬಿಣವೇ.

ಇನ್ನು ಮುಳುಗಿದ್ದು. ಮದುವೆ ಊಟದಲ್ಲಿ ಸಾರು ಬಡಿಸುವವರಿಗೆ "ತಿಳಿ ಹಾಕಿ" ಎಂದರೆ ಸೌಟನ್ನು ಮೇಲೆ ಮೇಲೆ ಆಡಿಸಿ ಹಾಕುತ್ತಾರೆ. ತಮಿಳರ ಪಂಕ್ತಿಯಲ್ಲೂ 'ತೆಳಿವು' ಕೇಳುವವರಿದ್ದಾರೆ. ಸೌಟು ತಳ ಮುಟ್ಟಿತೋ, ಹಿಂದೆ ಕೂತವರಿಗೆ ತಿಳಿ ಇಲ್ಲ. ಕೊಳದ ತಳಕ್ಕೂ ಅದೇ ಮರ್ಯಾದೆ ಕೊಡಿ. ಹಿಂದಿನ ದಿನ ಸಂಜೆ ಗೋಡೆ, ಮೆಟ್ಟಿಲು, ಏಣಿಯ ಹಿಂದೆ, ನೆರಳು ಬೀಳುವ ಮೂಲೆ ಇವಿಷ್ಟನ್ನು ನೈಲಾನ್ ಬ್ರಷ್‌ನಿಂದ ಉಜ್ಜಿ. ಟೈಲ್ಸಿಗೆ ಉಕ್ಕಿನ ತಂತಿಯ ಬ್ರಷ್ ಬೇಡ. ಆಮೇಲೆ ಪಂಪು ನಿಲ್ಲಿಸಿ ರಾತ್ರಿಯಿಡೀ ನೀರನ್ನು ಅಲುಗಾಡದಂತೆ ಬಿಡಿ. ಎದ್ದದ್ದೆಲ್ಲ ಕೂರಲಿ.

ಬೆಳಿಗ್ಗೆ ವ್ಯಾಕ್ಯೂಮ್. ಉದ್ದ ಕೋಲಿಗೆ ಚಕ್ರದ ತಲೆ ಸಿಕ್ಕಿಸಿ, ಪೈಪು ಜೋಡಿಸಿ, ಮೊದಲು ಪೈಪಿನೊಳಗಿನ ಗಾಳಿಯನ್ನೆಲ್ಲ ಹೊರಗೆ ಕಳಿಸಬೇಕು. ಅದರ ಬಾಯನ್ನು ನೀರು ಬರುವ ನಳಿಗೆಗೆ ಹಿಡಿದರೆ ಇನ್ನೊಂದು ತುದಿಯಿಂದ ಗುಳುಗುಳು ಗುಳ್ಳೆ ಬರುತ್ತದೆ, ನಿಂತ ಮೇಲೆ ಹೀರುವ ಕಡೆಗೆ ಸಿಕ್ಕಿಸಿ. ಆಮೇಲೆ ಆಳವಿಲ್ಲದ ಕಡೆಯಿಂದ ಆಳದ ಕಡೆಗೆ, ಆಗಷ್ಟೇ ನಡೆಯಲು ಕಲಿತ ಮಗುವಿನ ವೇಗದಲ್ಲಿ. ತಲೆಯ ಮುಂದೆ ಪುಡಿ ಮೋಡದ ಹಾಗೆ ಏಳುತ್ತಿದೆ ಎಂದರೆ ನೀವು ಜೋರಾಗಿ ಹೋಗುತ್ತಿದ್ದೀರಿ. ಹಿಂದೆ ಬಿಳಿ ದಾರಿ ಸ್ಪಷ್ಟವಾಗಿ ಕಾಣುತ್ತಿದ್ದರೆ ಸರಿಯಾಗಿದೆ. ಈ ಹೊತ್ತಿನಲ್ಲಿ ಮಕ್ಕಳು ನೀರಿನಲ್ಲಿರಬಾರದು. ಕೆಲಸ ಮುಗಿದ ಮೇಲೆ ಹೀರುವ ತೂತಿಗೆ ಮುಚ್ಚಳ ತಪ್ಪದೆ ಹಾಕಿ. ಉದ್ದ ಕೂದಲು, ಪುಟ್ಟ ಕೈ ಅದಕ್ಕೆ ಸಿಕ್ಕಿದರೆ ಬಿಡಿಸುವುದು ಕಷ್ಟ. ತಳದ ಮೋರಿಯ ಜಾಲರಿ ಮುರಿದಿದ್ದರೂ ಅಷ್ಟೇ ಅಪಾಯ, ಹೊಸದು ಹಾಕುವ ತನಕ ಯಾರನ್ನೂ ಇಳಿಸಬೇಡಿ.

ಇಷ್ಟಕ್ಕೂ ಬಗ್ಗದ ನುಣುಪು ದೂಳಿಗೆ ಪಟಿಕ ಇದೆ. ತಮಿಳರಂತೆ ಪೊನ್ನಿ ಎನ್ನಿ, ನಮ್ಮಂತೆ ಕಾವೇರಿ ಎನ್ನಿ, ಆ ಹೊಳೆ ದಂಡೆಯ ಊರುಗಳಲ್ಲಿ ಮಳೆಗಾಲದ ರಾಡಿ ನೀರಿನ ಕೊಡದೊಳಗೆ ಚಿಲ್ಲದ ಬೀಜ ತೇಯುತ್ತಿದ್ದರು. ತಮಿಳಿನಲ್ಲಿ ಅದಕ್ಕೆ ತೇಟ್ರಾಂಕೊಟ್ಟೈ ಎನ್ನುತ್ತಾರೆ. ಬೀಜವಾಗಲಿ ಪಟಿಕವಾಗಲಿ ಮಾಡುವ ಕೆಲಸ ಒಂದೇ. ಒಂದನ್ನೊಂದು ದೂರ ತಳ್ಳಿಕೊಂಡು ತೇಲುವ ಕಣಗಳನ್ನು ಹತ್ತಿರ ತಂದು ಮುದ್ದೆ ಮಾಡಿ ಭಾರಕ್ಕೆ ಕೂರಿಸುವುದು. ಸಾವಿರ ಲೀಟರಿಗೆ 40ರಿಂದ 50 ಗ್ರಾಂ ಎಂದರೆ ನಿಮ್ಮ ಕೊಳಕ್ಕೆ ಸುಮಾರು 2 ಕಿಲೋ. ಬಕೆಟ್ಟಿನಲ್ಲಿ ಪೂರ್ತಿ ಕರಗಿಸಿ ಸಂಜೆ ಸುತ್ತಲೂ ಚಿಮುಕಿಸಿ. ಫಿಲ್ಟರಿನ ಆರು ಸ್ಥಾನದ ಹಿಡಿಯನ್ನು 'ರೀಸರ್ಕ್ಯುಲೇಟ್'ಗೆ ತಿರುಗಿಸಿ ಅರ್ಧ ಗಂಟೆ ಪಂಪು ಓಡಿಸಿ, ನಿಲ್ಲಿಸಿ, ಮಲಗಿ. ಬೆಳಿಗ್ಗೆ ತಳದಲ್ಲಿ ಬೂದು ಬಣ್ಣದ ಕಂಬಳಿ ಹಾಸಿದ ಹಾಗೆ ಕಾಣುತ್ತದೆ, ಮೇಲಿನ ನೀರು ಗಾಜು.

ಈ ಕಂಬಳಿಯನ್ನು ಮಾತ್ರ ಫಿಲ್ಟರಿಗೆ ಕಳಿಸಬೇಡಿ, ಮರಳು ಗಾರೆಯಾಗುತ್ತದೆ. ವ್ಯಾಕ್ಯೂಮ್ ಮಾಡುವಾಗ ಹಿಡಿ 'ವೇಸ್ಟ್' ಸ್ಥಾನದಲ್ಲಿರಲಿ. ಗಂಟೆಗೆ 12,000 ಲೀಟರ್ ಎಳೆಯುವ ಪಂಪಾದರೆ ನಿಮಿಷಕ್ಕೆ 200 ಲೀಟರ್ ಹೋಗುತ್ತದೆ. 20 ನಿಮಿಷದ ಕೆಲಸಕ್ಕೆ 4,000 ಲೀಟರ್, ಅಂದರೆ ನೀರು ಐದು ಇಂಚು ಇಳಿಯುತ್ತದೆ. ಅದಕ್ಕೆ ತಕ್ಕಂತೆ ಹಿಂದಿನ ದಿನವೇ ತುಂಬಿಸಿಟ್ಟಿರಿ. 45,000 ಲೀಟರ್ ಚೆಲ್ಲುವುದೆಲ್ಲಿ, 4,000 ಎಲ್ಲಿ! ಪಟಿಕ ನೀರಿನ ಪಿಎಚ್ ಇಳಿಸುತ್ತದೆ, ಆಮೇಲೆ ಪರೀಕ್ಷೆ ಮಾಡಿ 7.2 ಮತ್ತು 7.6ರ ನಡುವೆ ತಂದುಕೊಳ್ಳಿ. ಕಡಿಮೆಯಿದ್ದರೆ ವಾಷಿಂಗ್ ಸೋಡ ಸ್ವಲ್ಪ ಸ್ವಲ್ಪವೇ.

ಹಿಡಿಯ ಮಾತು ಬಂದಾಗಲೇ ಹೇಳಿಬಿಡುತ್ತೇನೆ: ಪಂಪು ಓಡುತ್ತಿರುವಾಗ ಅದನ್ನು ತಿರುಗಿಸಬಾರದು. ಒಳಗಿನ ರಬ್ಬರ್ ಪಟ್ಟಿ ಕಿತ್ತುಹೋಗುತ್ತದೆ. ಫಿಲ್ಟರಿಗೆ ನೀರನ್ನು ಹಿಮ್ಮುಖವಾಗಿ ಹರಿಸಿ ತೊಳೆಯುವ ಬ್ಯಾಕ್‌ವಾಷ್ ವಾರಕ್ಕೊಮ್ಮೆ ಎಂದು ಗೋಡೆಗೆ ಚೀಟಿ ಅಂಟಿಸುವವರಿದ್ದಾರೆ. ಚೀಟಿಗಿಂತ ಫಿಲ್ಟರಿನ ಮೇಲಿನ ಒತ್ತಡದ ಮುಳ್ಳು ನೋಡುವುದು ವಾಸಿ. ತೊಳೆದ ದಿನ ಎಷ್ಟಿತ್ತೋ ಅದಕ್ಕಿಂತ 8ರಿಂದ 10 ಪಿಎಸ್‌ಐ ಏರಿದಾಗ ಮಾಡಿದರೆ ಸಾಕು. ತುಸು ಕೊಳೆ ಹಿಡಿದ ಮರಳು ಹೊಸ ಮರಳಿಗಿಂತ ಚೆನ್ನಾಗಿ ಸೋಸುತ್ತದೆ. ಎರಡು ಮೂರು ನಿಮಿಷ, ಗಾಜಿನ ಬುರುಡೆಯಲ್ಲಿ ನೀರು ತಿಳಿಯಾಗುವವರೆಗೆ. ಹೆಚ್ಚೆಂದರೆ 600 ಲೀಟರಿನ ಮಾತು. ಆ ನೀರನ್ನು ಮಳೆನೀರಿನ ಗುಂಡಿಗೆ ಬಿಡಬೇಡಿ. 2003ರಿಂದ ತಮಿಳುನಾಡಿನಲ್ಲಿ ಮನೆಮನೆಗೂ ಆ ಗುಂಡಿ ಕಡ್ಡಾಯ ಮಾಡಿದ್ದು ಅಂತರ್ಜಲಕ್ಕಾಗಿ, ಕ್ಲೋರಿನ್ ಇಂಗಿಸಲಿಕ್ಕಲ್ಲ. ಡ್ರಮ್ಮಿನಲ್ಲಿ ಎರಡು ದಿನ ಬಿಸಿಲಿಗಿಟ್ಟರೆ ತೆಂಗಿನ ಬುಡಕ್ಕೆ ನಡೆಯುತ್ತದೆ.

ಕ್ಲೋರಿನ್ ಸಂಜೆ ಹಾಕಿ. ನಿಮ್ಮೂರ ಬಿಸಿಲಿಗೆ ಬೆಳಿಗ್ಗೆ ಹಾಕಿದ್ದರಲ್ಲಿ ಬಹುಪಾಲು ಎರಡು ಮೂರು ಗಂಟೆಯಲ್ಲಿ ಹಾರಿಹೋಗುತ್ತದೆ. ಲೀಟರಿಗೆ 1ರಿಂದ 3 ಮಿಲಿಗ್ರಾಂ ಇದ್ದರೆ ಪಾಚಿ ತಲೆಯೆತ್ತದು, ನಿಮ್ಮ ಕಂದು ಪುಡಿಯ ದೊಡ್ಡ ಪಾಲು ಅಲ್ಲೇ ಕಡಿಮೆಯಾಗುತ್ತದೆ. ಒಂದು ಬಗೆಯ ಕ್ಲೋರಿನ್ ಪುಡಿಯನ್ನು ಇನ್ನೊಂದು ಬಗೆಯ ಮಾತ್ರೆಯ ಜೊತೆ, ಇಲ್ಲವೇ ಆಸಿಡ್ ಜೊತೆ ಒಂದೇ ಬಕೆಟ್ಟಿಗೆ, ಒಂದೇ ಚಮಚಕ್ಕೆ ಕೂಡ ತರಬೇಡಿ. ಮೊದಲನೆಯದು ಹೊತ್ತಿಕೊಳ್ಳುತ್ತದೆ, ಎರಡನೆಯದು ವಿಷದ ಗಾಳಿ ಬಿಡುತ್ತದೆ. ನೀರಿಗೆ ಪುಡಿ ಹಾಕಬೇಕೇ ಹೊರತು ಪುಡಿಗೆ ನೀರಲ್ಲ.

ಟೈಲ್ಸಿನ ಮೇಲೆ ನೀರಿನ ಮಟ್ಟದಲ್ಲಿ ಜಿಡ್ಡಿನ ಗೆರೆ ಇದೆಯೇ? ನೀವು ಬರೆದಿಲ್ಲ, ಆದರೆ ಇರುತ್ತದೆ. ಶನಿವಾರ ಗಂಡಸರ ಎಣ್ಣೆ ಸ್ನಾನ, ಶುಕ್ರವಾರ ಹೆಂಗಸರದು, ಉಳಿದ ದಿನ ತಲೆಗೆ ತೆಂಗಿನೆಣ್ಣೆ. ಎಲ್ಲವೂ ಕೊನೆಗೆ ಬಂದು ಸೇರುವುದು ಆ ಗೆರೆಗೆ. ಅಡಿಗೆ ಸೋಡವನ್ನು ಒದ್ದೆ ಸ್ಪಂಜಿಗೆ ಹಚ್ಚಿ ಉಜ್ಜಿದರೆ ಬಿಡುತ್ತದೆ. ಉಡುಪಿ ಕಡೆಯ ಕೃಷ್ಣರಾಯರು ಮೈಲಾಪುರದಲ್ಲಿ ಕಟ್ಟಿದ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನಲ್ಲಿ ದೋಸೆಯಷ್ಟೇ ಅಲ್ಲ, ಈಜುಕೊಳವೂ ಉಂಟು. ಅಂಥ ಕಡೆ ನೀರಿಗಿಳಿಯುವ ಮೊದಲು ಮೈ ತೊಳೆದುಕೊಳ್ಳಿ ಎನ್ನುತ್ತಾರಲ್ಲ, ಅದನ್ನು ಮನೆಯ ಕೊಳಕ್ಕೂ ತನ್ನಿ. ಹಿತ್ತಿಲ ನಲ್ಲಿಗೊಂದು ಶವರ್, ಕಾಲು ಅದ್ದಲು ಅಗಲವಾದ ಬೋಗುಣಿ ಇಟ್ಟರೆ ಮರಳಿನ ಕಾಟವೂ ಇಳಿಯುತ್ತದೆ.

ಮಳೆಗಾಲಕ್ಕೆ ಮುಂಚೆ ಒಂದು ಮಾತು. 2016ರ ಡಿಸೆಂಬರ್ 12ರ ವಾರ್ದಾ, 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತಗಳು ಬಂದಾಗ ಕೊಳಕ್ಕೆ ಬಿದ್ದದ್ದು ಎಲೆಯಲ್ಲ, ಕೊಂಬೆಗಳೇ. ಅಂಥ ಹೊತ್ತಿನಲ್ಲಿ ಪಂಪಿನ ವಿದ್ಯುತ್ ತೆಗೆದು ಸುಮ್ಮನಿರಿ. ಮಳೆ ನಿಂತ ಮೇಲೆ ಕೊಂಬೆ, ಆಮೇಲೆ ಎಲೆ, ಕೊನೆಗೆ ಗಸಿ, ಇದೇ ಕ್ರಮ. ರಸ್ತೆಯ ನೀರು ಒಳಗೆ ಬಂದಿದ್ದರೆ ಅದರಲ್ಲಿ ಒಳಚರಂಡಿಯೂ ಇರುತ್ತದೆ ಎಂದೇ ತಿಳಿದು, ಕ್ಲೋರಿನ್ ಜಾಸ್ತಿ ಹಾಕಿ ಪರೀಕ್ಷೆಯಲ್ಲಿ ಸರಿ ಬರುವ ತನಕ ಯಾರೂ ಇಳಿಯಬಾರದು. ಒಂದು ಹಲಗೆಯನ್ನು ದಡದಿಂದ ನೀರಿಗೆ ಓರೆಯಾಗಿ ಇಳಿಬಿಟ್ಟಿರಿ. ರಾತ್ರಿ ಬಿದ್ದ ಕಪ್ಪೆಗಳು ತಾವೇ ಹತ್ತಿಕೊಂಡು ಹೋಗುತ್ತವೆ, ಬೆಳಿಗ್ಗೆ ಸ್ಕಿಮ್ಮರಿನ ಬುಟ್ಟಿಗೆ ಕೈ ಹಾಕುವಾಗ ನೀವೂ ಕಿರುಚಬೇಕಾಗುವುದಿಲ್ಲ.

ಬೇವಿನ ಮರ? ಕಡಿಸಬೇಡಿ. ಅದು ಹೂ ಚೆಲ್ಲುವುದು ಹೆಚ್ಚೆಂದರೆ ಕೆಲವು ವಾರ, ನೆರಳು ಕೊಡುವುದು ವರ್ಷವಿಡೀ. ಆ ನೆರಳಿಗೆ ಕ್ಲೋರಿನ್ ಕೂಡ ಉಳಿಯುತ್ತದೆ. ಕೊಳದ ಮೇಲೆ ಚಾಚಿದ ಕೊಂಬೆ ಒಂದೆರಡನ್ನು ಮಾತ್ರ ಸವರಿಸಿ. ಹೂ ಉದುರುವ ದಿನಗಳಲ್ಲಿ ರಾತ್ರಿ ಕೊಳದ ಆ ಬದಿಗೆ ಎರಡು ಹಳೇ ಪಂಚೆ ಬಿಗಿಯಾಗಿ ಕಟ್ಟಿ, ಮರದ ಬುಡಕ್ಕೊಂದು ಹಾಸಿ. ಬೆಳಿಗ್ಗೆ ಕೊಡವಿ, ಕಡ್ಡಿ ಆರಿಸಿ, ನೆರಳಿನಲ್ಲಿ ಒಣಗಿಸಿ ಡಬ್ಬಿಗೆ ತುಂಬಿಡಿ. ಏಪ್ರಿಲ್ 14ಕ್ಕೆ ನಿಮ್ಮ ನೆರೆಮನೆಯವರು ಹೊಸ ವರ್ಷದ ಪಚ್ಚಡಿಗೆ ಬೇವಿನ ಹೂ ಹುಡುಕಿಕೊಂಡು ಬಂದೇ ಬರುತ್ತಾರೆ. ಒಂದು ಹಿಡಿ ಕೊಟ್ಟು ಕಳಿಸಿ, ಉಳಿದದ್ದನ್ನು ತುಪ್ಪದಲ್ಲಿ ಹುರಿದು ಸಾರು ಮಾಡಿ. ಮಾವನವರಿಗೆ ತಿಳಿ ಬಡಿಸಿ.